‘ಗಾಡಿ ಎಳೀತಿಲ್ಲ’ ಅಂದರೆ ಏನಂತ ಬರೆಯೋದು?

ಬೆಳಿಗ್ಗೆ ಒಂಬತ್ತೂವರೆಗೆ ಚಳ್ಳಕೆರೆಯ ಯಾವುದೇ ಬೈಕ್ ಶೋರೂಮಿನ ಹಿಂಬದಿಗೆ ಹೋಗಿ ನಿಂತು ನೋಡಿ. ಮುಂದಿನ ಗಾಜಿನೊಳಗೆ ಹೊಸ ಗಾಡಿಗಳು ಹೂವಿನ ಹಾರ ಹಾಕಿಸಿಕೊಂಡು ನಿಂತಿದ್ದರೆ, ಹಿಂದಿನ ತಗಡಿನ ಶೆಡ್ಡಿನ ಮುಂದೆ ಧೂಳು ಮೆತ್ತಿದ ಹತ್ತಿಪ್ಪತ್ತು ಗಾಡಿಗಳು ಸಾಲು ಹಿಡಿದಿರುತ್ತವೆ. ಹಳ್ಳಿಯಿಂದ ಬಂದ ಯಜಮಾನರೊಬ್ಬರು ಹೆಗಲ ಟವೆಲ್ಲಿನಿಂದ ಸೀಟು ಒರೆಸುತ್ತಾ ಹೇಳುತ್ತಾರೆ: “ಗಾಡಿ ಎಳೀತಿಲ್ಲ ಕಣಪ್ಪ.”

ಅಷ್ಟೇ ಅವರ ದೂರು. ಎದುರಿಗಿರುವ ಹುಡುಗ ಜಾಬ್ ಕಾರ್ಡಿನಲ್ಲಿ ‘ಪಿಕಪ್ ಇಲ್ಲ’ ಎಂದು ಗೀಚಿ ಮುಂದಿನ ಗಾಡಿಗೆ ಹೋದರೆ ಸಂಜೆ ಜಗಳ ಗ್ಯಾರಂಟಿ. ಏಕೆಂದರೆ ಗಾಡಿ ಎಳೆಯದಿರುವುದಕ್ಕೆ ಕನಿಷ್ಠ ಆರು ಕಾರಣಗಳಿವೆ. ಏರ್ ಫಿಲ್ಟರ್ ಕಟ್ಟಿರಬಹುದು. ಕ್ಲಚ್ ಕೇಬಲ್ ಬಿಗಿಯಾಗಿ, ಲಿವರಿನಲ್ಲಿ ಸಡಿಲವೇ ಉಳಿಯದೆ, ಕ್ಲಚ್ ಪ್ಲೇಟು ಜಾರುತ್ತಿರಬಹುದು. ಆಗ ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಹಿಂದಿನ ಬ್ರೇಕ್ ಹಿಡಿದುಕೊಂಡಿರಬಹುದು. ಚೈನನ್ನು ಯಾರೋ ಅತಿಯಾಗಿ ಬಿಗಿ ಮಾಡಿರಬಹುದು. ಸ್ಪಾರ್ಕ್ ಪ್ಲಗ್ ಸವೆದಿರಬಹುದು. ಅಥವಾ ಟೈರಿನಲ್ಲಿ ಗಾಳಿಯೇ ಇಲ್ಲದಿರಬಹುದು. ಹೀಗಾಗಿ ಅನುಭವಸ್ಥ ಸರ್ವಿಸ್ ಮ್ಯಾನೇಜರ್ ಪೆನ್ನು ತೆಗೆಯುವ ಮೊದಲು ಮೂರು ಪ್ರಶ್ನೆ ಕೇಳುತ್ತಾನೆ: “ಯಾವಾಗಿಂದ ಯಜಮಾನ್ರೆ? ಒಬ್ರೇ ಇದ್ದಾಗ್ಲೂ ಹಂಗೇನಾ, ಮೂಟೆ ಹೇರಿದಾಗ ಮಾತ್ರಾನಾ? ಏರಿನಾಗೆ ಎಂಜಿನ್ ಕೂಗ್ತೈತೋ, ಉಸಿರು ಕಟ್ತೈತೋ?” ಕೂಗಿದರೆ ಕ್ಲಚ್ಚಿನ ಕಡೆ ಅನುಮಾನ, ಉಸಿರು ಕಟ್ಟಿದರೆ ಗಾಳಿ–ಪೆಟ್ರೋಲಿನ ಕಡೆ. ಆಮೇಲೆ ಜಾಬ್ ಕಾರ್ಡಿನಲ್ಲಿ ಬರೆಯುವ ಸಾಲು ಹೀಗಿರುತ್ತದೆ: ‘15 ದಿನದಿಂದ, ಇಬ್ಬರು ಕೂತಾಗ ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ.’ ಒಳಗೆ ಪಾನಾ ಹಿಡಿದು ಕೂತಿರುವ ಮೆಕ್ಯಾನಿಕ್ಕಿಗೆ ಗಿರಾಕಿಯ ಮುಖ ಕಾಣುವುದಿಲ್ಲ, ಈ ಸಾಲು ಮಾತ್ರ ಕಾಣುತ್ತದೆ.

ಸರ್ವಿಸ್ ಮ್ಯಾನೇಜರ್ ಅಂದರೆ ಎಲ್ಲರಿಗಿಂತ ದೊಡ್ಡ ಮೆಕ್ಯಾನಿಕ್ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ರಿಪೇರಿ ಗೊತ್ತಿರಬೇಕು, ನಿಜ. ಆದರೆ ಅವನು ದಿನಪೂರ್ತಿ ಮಾಡುವ ಕೆಲಸ ಬೇರೆ. ಗಿರಾಕಿಯ ಮಾತನ್ನು ಮೆಕ್ಯಾನಿಕ್ಕಿಗೆ, ಮೆಕ್ಯಾನಿಕ್ಕಿನ ಮಾತನ್ನು ಕಂಪನಿಗೆ, ಕಂಪನಿಯ ನಿಯಮವನ್ನು ಮತ್ತೆ ಗಿರಾಕಿಗೆ ಅವನು ದಾಟಿಸಬೇಕು. ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ಇದರ ಜೊತೆಗೆ ತೆಲುಗೂ ಬರಬೇಕು. ಆಂಧ್ರದ ರಾಯದುರ್ಗ, ಕಲ್ಯಾಣದುರ್ಗ ಇಲ್ಲಿಗೆ ಪಕ್ಕದ ಊರುಗಳಿದ್ದ ಹಾಗೆ. ಕೆಎ 16ರ ಗಾಡಿಗಳ ನಡುವೆ ಎಪಿ ಗಾಡಿಗಳೂ ಸಾಲಿನಲ್ಲಿರುತ್ತವೆ. ಮನೆಮಾತು ತೆಲುಗಾಗಿರುವ ಹಳ್ಳಿಗಳು ನಮ್ಮ ತಾಲ್ಲೂಕುಗಳಲ್ಲೇ ಬೇಕಾದಷ್ಟಿವೆ. ಬೇರೆ ರಾಜ್ಯದಲ್ಲಿ ಕೊಂಡ ಗಾಡಿಗೆ ಇಲ್ಲಿ ವಾರಂಟಿ ನಡೆಯುವುದಿಲ್ಲ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅದು ತಪ್ಪು. ಕಂಪನಿಯ ವಾರಂಟಿ ದೇಶದ ಯಾವುದೇ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ನಡೆಯುತ್ತದೆ.

ಡೀಲರ್‌ಶಿಪ್ಪಿನ ಒಳಲೆಕ್ಕವನ್ನು ಸ್ವಲ್ಪ ನೋಡೋಣ, ಇಲ್ಲದಿದ್ದರೆ ಈ ಹುದ್ದೆಯ ಮೇಲಿನ ಒತ್ತಡ ಅರ್ಥವಾಗುವುದಿಲ್ಲ. ಮಾರಾಟ, ಸರ್ವಿಸ್, ಬಿಡಿಭಾಗ ಎಂದು ಅಲ್ಲಿ ಮೂರು ಅಂಗ. ಹೊಸ ಗಾಡಿ ಮಾರಿದಾಗ ಡೀಲರಿಗೆ ಸಿಗುವ ಲಾಭ ಜನ ಊಹಿಸುವಷ್ಟು ದೊಡ್ಡದಲ್ಲ. ಅದರಲ್ಲೂ ಒಂದಷ್ಟು ರಿಯಾಯಿತಿಗೆ, ಹೆಲ್ಮೆಟ್ಟಿಗೆ, ಸೀಟ್ ಕವರಿಗೆ ಹೋಗುತ್ತದೆ. ಅದೂ ಅಲ್ಲದೆ ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಗಾಡಿ ಕೊಳ್ಳುವವರೇ ಕಡಿಮೆ. ಚಳ್ಳಕೆರೆ ರಾಜ್ಯದ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಶೇಂಗಾ ಬಂದರೆ ಶೋರೂಮಿನಲ್ಲಿ ಜನ, ಬರದಿದ್ದರೆ ನೊಣ. ಆದರೆ ಕೊಂಡ ಗಾಡಿಗೆ ಬರಗಾಲದಲ್ಲೂ ಆಯಿಲ್ ಬೇಕು. ಅದಕ್ಕೇ ಮಾಲೀಕರು ಒಂದು ಲೆಕ್ಕ ಇಟ್ಟಿರುತ್ತಾರೆ: ಬಾಡಿಗೆ, ಸಂಬಳ, ಕರೆಂಟು, ಬಡ್ಡಿ ಸೇರಿದ ತಿಂಗಳ ಖರ್ಚಿನಲ್ಲಿ ಎಷ್ಟು ಪಾಲು ಸರ್ವಿಸ್ ಮತ್ತು ಬಿಡಿಭಾಗಗಳ ಲಾಭದಿಂದಲೇ ತುಂಬುತ್ತದೆ? ಉದಾಹರಣೆಗೆ ತಿಂಗಳ ಖರ್ಚು 6 ಲಕ್ಷ, ಸರ್ವಿಸ್ ಕಡೆಯ ಲಾಭ 4.2 ಲಕ್ಷ ಆದರೆ ಶೇ 70. ವ್ಯಾಪಾರದ ಭಾಷೆಯಲ್ಲಿ ಇದಕ್ಕೆ ಸರ್ವಿಸ್ ಅಬ್ಸಾರ್ಪ್ಶನ್ ಎನ್ನುತ್ತಾರೆ. ಅದು ನೂರಕ್ಕೆ ಮುಟ್ಟಿದರೆ ಒಂದೂ ಹೊಸ ಗಾಡಿ ಮಾರದ ತಿಂಗಳಲ್ಲೂ ಅಂಗಡಿ ಮುಳುಗುವುದಿಲ್ಲ. ತಿಂಗಳ ಕೊನೆಯ ವಾರ ಸರ್ವಿಸ್ ಮ್ಯಾನೇಜರಿನ ಮುಖ ಗಂಟಿಕ್ಕಿದ್ದರೆ ಕಾರಣ ಇಲ್ಲಿ ಹುಡುಕಿ. ಗಿರಾಕಿಗೆ ಬೇಡದ ಪಾಲಿಶ್, ಟೆಫ್ಲಾನ್ ಕೋಟಿಂಗ್, ಎಂಜಿನ್ ಫ್ಲಶ್‌ಗಳನ್ನು ನಯವಾಗಿ ಬಿಲ್ಲಿಗೆ ಸೇರಿಸುವ ಚಾಳಿ ಹುಟ್ಟುವುದೂ ಇಲ್ಲೇ. ಧೈರ್ಯವಾಗಿ ಬೇಡ ಎನ್ನಬಹುದು. ಅವು ಬೇಡ ಎಂದ ಮಾತ್ರಕ್ಕೆ ವಾರಂಟಿ ಹೋಗುವುದಿಲ್ಲ.

ಇನ್ನು ಜಾಬ್ ಕಾರ್ಡ್. ನಾನು ಕಂಡಂತೆ ಹತ್ತರಲ್ಲಿ ಒಂಬತ್ತು ಜನ ಅದನ್ನು ಓದದೆ ಸಹಿ ಹಾಕುತ್ತಾರೆ. ಗಾಡಿ ಎಷ್ಟು ಕಿಲೋಮೀಟರ್ ಓಡಿದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ, ಎಲ್ಲೆಲ್ಲಿ ಗೀರು ಬಿದ್ದಿದೆ, ಕನ್ನಡಿ ಎರಡೂ ಇವೆಯೇ, ಟೂಲ್ ಕಿಟ್ ಇದೆಯೇ, ದೂರು ಏನು, ಅಂದಾಜು ಖರ್ಚು ಎಷ್ಟು, ಯಾವ ಹೊತ್ತಿಗೆ ಕೊಡುತ್ತೇವೆ ಎಂಬುದೆಲ್ಲ ಅದರಲ್ಲಿರಬೇಕು. ಒಳ್ಳೆಯ ಮ್ಯಾನೇಜರ್ ತನ್ನ ಹುಡುಗರಿಗೆ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ, ಗಿರಾಕಿಯ ಕಣ್ಣೆದುರೇ ಗೀರುಗಳನ್ನು ಬರೆಸುತ್ತಾನೆ. ಇದರಿಂದ ಇಬ್ಬರಿಗೂ ರಕ್ಷಣೆ. ಸಂಜೆ “ಈ ಗೀರು ಬೆಳಿಗ್ಗೆ ಇರ್ಲಿಲ್ಲ” ಎಂಬ ಮಾತು ಬಂದಾಗ ಸಾಕ್ಷಿ ಹೇಳುವುದು ಈ ಹಾಳೆಯೇ. ಗಿರಾಕಿಯ ಕಡೆಯಿಂದ ನೋಡಿದರೆ ಮುಖ್ಯವಾದ ಜಾಗ ಅಂದಾಜು ಖರ್ಚಿನ ಖಾನೆ. ಅದು ಖಾಲಿ ಇದ್ದರೆ ಸಹಿ ಹಾಕಬೇಡಿ. ಕೆಲಸದ ನಡುವೆ ಬೇರೆ ಏನಾದರೂ ಹಾಳಾಗಿರುವುದು ಕಂಡರೆ, ಫೋನ್ ಮಾಡಿ ಒಪ್ಪಿಗೆ ಪಡೆದೇ ಬದಲಿಸಬೇಕು ಎಂದು ಬರೆಸಿ. ಬದಲಾಯಿಸಿದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ವಾರಂಟಿಯಲ್ಲಿ ಬದಲಿಸಿದ್ದನ್ನು ಬಿಟ್ಟರೆ, ದುಡ್ಡು ಕೊಟ್ಟು ಬದಲಿಸಿದ ಪ್ರತಿ ಹಳೆಯ ಭಾಗವೂ ನಿಮ್ಮದೇ.

ಹೊತ್ತಿನ ಲೆಕ್ಕ ಹೀಗೆ. ಐದು ಮೆಕ್ಯಾನಿಕ್ಕುಗಳು ತಲಾ ಎಂಟು ಗಂಟೆ ದುಡಿದರೆ 40 ಗಂಟೆ. ಚಹಾ, ಊಟ, ಸ್ಪೇರ್ಸ್ ಕೌಂಟರಿನ ಮುಂದೆ ಕಾಯುವುದು, ಕಳೆದ ಹತ್ತನೇ ನಂಬರಿನ ಪಾನಾ ಹುಡುಕುವುದು ಎಲ್ಲ ಕಳೆದು ಶೇ 80 ಎಂದಿಟ್ಟುಕೊಂಡರೆ 32 ಗಂಟೆ. ಮುಕ್ಕಾಲು ಗಂಟೆಯ ಫ್ರೀ ಸರ್ವಿಸ್ ಹನ್ನೆರಡು ಮಾಡಿದರೆ 9 ಗಂಟೆ. ಒಂದೂಕಾಲು ಗಂಟೆಯ ಪೇಯ್ಡ್ ಸರ್ವಿಸ್ ಹನ್ನೆರಡಕ್ಕೆ 15 ಗಂಟೆ. ಒಂದು ಎಂಜಿನ್ ಬಿಚ್ಚುವ ಕೆಲಸಕ್ಕೆ 6 ಗಂಟೆ. ಒಟ್ಟು 30. ಮಿಕ್ಕ ಎರಡು ಗಂಟೆ ಪಂಕ್ಚರ್, ಬಲ್ಬು, ದಾರಿಯಲ್ಲಿ ನಿಂತುಹೋದ ಗಾಡಿ ಎಂದು ಹೇಳದೆ ಕೇಳದೆ ಬರುವವರಿಗೆ. ಇಪ್ಪತ್ತಾರನೆಯ ಗಾಡಿಯನ್ನು ಒಪ್ಪಿಕೊಂಡ ಕ್ಷಣ, ಆ ದಿನ ಯಾರಿಗೋ ಕೊಟ್ಟ ಮಾತು ಮುರಿಯುವುದು ನಿಶ್ಚಿತ. ಆದರೆ “ನಾಳೆ ಬಾರಣ್ಣ” ಎಂದು ಹೇಳುವ ಗಟ್ಟಿತನ ಎಲ್ಲರಿಗೂ ಇರುವುದಿಲ್ಲ.

ಬೆಂಗಳೂರಿನಲ್ಲಾದರೆ ಗಾಡಿ ತಡವಾದರೆ ಗಿರಾಕಿ ಆಟೊ ಹಿಡಿದು ಮನೆಗೆ ಹೋದಾನು. ಇಲ್ಲಿ ಹಾಗಲ್ಲ. ಪರಶುರಾಂಪುರದ ಆಚೆಯಿಂದ ಬಂದವರಿಗೆ ಸಂಜೆಯ ಕೊನೆಯ ಬಸ್ಸು ತಪ್ಪಿದರೆ ನೆಂಟರ ಮನೆಯೇ ಗತಿ. ಹಾಗಾಗಿ ಈ ಊರಿನ ಜಾಣ ಮ್ಯಾನೇಜರುಗಳು ದೂರದ ಹಳ್ಳಿಯ ಗಾಡಿಗಳನ್ನು ಮೊದಲು ಕೆಲಸಕ್ಕೆ ಎತ್ತಿಕೊಂಡು, ಊರೊಳಗಿನವರದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತಾರೆ. ಇದು ಕಂಪನಿಯ ಯಾವ ತರಬೇತಿ ಪುಸ್ತಕದಲ್ಲೂ ಇರಲಾರದು.

ಋತುಮಾನವೂ ಇಲ್ಲಿನದೇ. ಜೂನ್–ಜುಲೈ ಬಿತ್ತನೆ, ಅಕ್ಟೋಬರ್–ನವೆಂಬರ್ ಶೇಂಗಾ ಕೀಳುವ ಕಾಲ, ಆಗ ಟ್ರ್ಯಾಕ್ಟರ್ ಡೀಲರುಗಳಿಗೆ ನಿದ್ದೆ ಇಲ್ಲ. ಟ್ರ್ಯಾಕ್ಟರಿಗೆ ಕಿಲೋಮೀಟರ್ ಲೆಕ್ಕವಿಲ್ಲ, ಎಂಜಿನ್ ಓಡಿದ ಗಂಟೆಯ ಲೆಕ್ಕ. ಮೊದಲ ಸರ್ವಿಸ್ ಸಾಮಾನ್ಯವಾಗಿ 50 ಗಂಟೆಗೆ, ಮುಂದಿನವು ಕಂಪನಿ ಹೇಳಿದಂತೆ. ಬಿತ್ತನೆಯ ಮಧ್ಯೆ ಟ್ರ್ಯಾಕ್ಟರ್ ಕೆಟ್ಟರೆ ರೈತ ಅದನ್ನು ಊರಿಗೆ ತರುವುದಿಲ್ಲ, ಮೆಕ್ಯಾನಿಕ್ಕೇ ಬೈಕಿನ ಹಿಂದೆ ಟೂಲ್ ಬಾಕ್ಸ್ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಹದ ಆರುವ ಮುಂಚೆ ಬೀಜ ಮಣ್ಣಿಗೆ ಬೀಳಬೇಕಲ್ಲ. ಬಿತ್ತನೆಗೆ ಒಂದು ತಿಂಗಳು ಮೊದಲೇ ಹಳ್ಳಿಯಲ್ಲಿ ಸರ್ವಿಸ್ ಕ್ಯಾಂಪ್ ಹಾಕಿ, ಆಯಿಲ್, ಫಿಲ್ಟರ್, ಕ್ಲಚ್ ನೋಡಿ ಮುಗಿಸುವವನೇ ಈ ವ್ಯಾಪಾರದಲ್ಲಿ ಗೆಲ್ಲುವುದು. ಹಳೆಯ ಟ್ರ್ಯಾಕ್ಟರುಗಳ ಗಾಳಿ ಶೋಧಕದಲ್ಲಿ ಎಣ್ಣೆಯ ಬಟ್ಟಲಿರುತ್ತದೆ. ಧೂಳಿನ ಉಳುಮೆಯ ದಿನಗಳಲ್ಲಿ ಅದನ್ನು ದಿನಾ ತೆಗೆದು ನೋಡಬೇಕು ಎಂಬುದನ್ನು ಕ್ಯಾಂಪಿನಲ್ಲಿ ನೂರು ಸಲ ಹೇಳಿದರೂ ಕಡಿಮೆಯೇ.

ಬೈಕುಗಳ ಕಡೆ ಎರಡು ಮಹಾಪೂರ. ಒಂದು ಆಯುಧಪೂಜೆಯ ಹಿಂದಿನ ದಿನ, ಊರಿಗೆ ಊರೇ ವಾಟರ್ ವಾಶಿಗೆ ಬರುತ್ತದೆ. ಇನ್ನೊಂದು ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇಸ್ವಾಮಿಯ ತೇರಿನ ಆಸುಪಾಸು. ಹಾಗೆ ನೋಡಿದರೆ ಗಾಡಿ ತೊಳೆಯುವುದೇ ಇಲ್ಲಿ ಒಂದು ಸಮಸ್ಯೆ. ಬೋರ್‌ವೆಲ್ ನೀರು ಗಡಸು. ಬಿಸಿಲಿನಲ್ಲಿ ಹಾಗೇ ಒಣಗಲು ಬಿಟ್ಟರೆ ಬಣ್ಣದ ಮೇಲೆ ಬಿಳಿ ಕಲೆ ಕೂರುತ್ತದೆ. ಗಿರಾಕಿಗೆ ಒಳಗೆ ಬದಲಿಸಿದ ಆಯಿಲ್ ಕಾಣುವುದಿಲ್ಲ, ಟ್ಯಾಂಕಿನ ಮೇಲಿನ ಬಿಳಿ ಕಲೆ ಕಾಣುತ್ತದೆ.

ಧೂಳಿನ ವಿಷಯಕ್ಕೆ ಇನ್ನಷ್ಟು ಹೊತ್ತು ಕೊಡಬೇಕು, ಏಕೆಂದರೆ ಚಳ್ಳಕೆರೆಯ ಗಾಡಿಗಳ ಅರ್ಧ ಕಾಯಿಲೆಗೆ ಅದೇ ಮೂಲ. ಎಂಜಿನ್ನು ಪೆಟ್ರೋಲಿಗಿಂತ ಹಲವು ಪಟ್ಟು ಗಾಳಿ ಕುಡಿಯುತ್ತದೆ, ಆ ಗಾಳಿಯನ್ನು ಸೋಸುವುದು ಏರ್ ಫಿಲ್ಟರ್. ಕೈಪಿಡಿಯಲ್ಲಿ ಬರೆದ ಕಿಲೋಮೀಟರ್ ಸಾಮಾನ್ಯ ರಸ್ತೆಗೆ. ಧೂಳಿನ ಊರಲ್ಲಿ ಇನ್ನೂ ಬೇಗ ಬದಲಿಸಿ ಎಂದು ಅದೇ ಕೈಪಿಡಿಯ ಕೆಳಗಿನ ಸಾಲು ಹೇಳುತ್ತದೆ. ಆ ಸಾಲು ಬರೆದವರು ಬೇಸಿಗೆಯಲ್ಲಿ ತಳಕಿನಿಂದ ನಾಯಕನಹಟ್ಟಿಗೆ ಬೈಕಿನಲ್ಲಿ ಹೋಗಿದ್ದರೋ ಏನೋ. ಈಗಿನ ಅನೇಕ ಸ್ಕೂಟರುಗಳಲ್ಲಿ ಎಣ್ಣೆ ಸವರಿದ ಕಾಗದದ ಫಿಲ್ಟರ್ ಇರುತ್ತದೆ. ಅದಕ್ಕೆ ಗಾಳಿ ಹೊಡೆದು ಸ್ವಚ್ಛ ಮಾಡುವಂತಿಲ್ಲ, ಬದಲಿಸಲೇಬೇಕು. ಗಾಳಿ ಹೊಡೆದರೆ ಸೂಕ್ಷ್ಮ ಎಳೆಗಳು ಹರಿದು ಧೂಳು ನೇರ ಸಿಲಿಂಡರಿಗೆ ಹೋಗುತ್ತದೆ, ಪಿಸ್ಟನ್ ರಿಂಗ್ ಸವೆಯುತ್ತದೆ, ಆಯಿಲ್ ಉರಿದು ಬಿಳಿ–ನೀಲಿ ಹೊಗೆ ಬರುತ್ತದೆ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಸಾವಿರಗಟ್ಟಲೆಯ ಬೋರ್ ಕೆಲಸ ತಲೆಗೆ ಕಟ್ಟಿಕೊಂಡವರು ಸಾಲಿನಲ್ಲಿ ಯಾವಾಗಲೂ ಇಬ್ಬರು ಮೂವರು ಇದ್ದೇ ಇರುತ್ತಾರೆ.

ಇನ್ನು ಹೊರೆ. ಮೊಪೆಡ್ ಮೇಲೆ ಎರಡು ಕುರಿ, ಮೇವಿನ ಹೊರೆ, ಶೇಂಗಾ ಮೂಟೆ ನಮಗೆ ನಿತ್ಯದ ನೋಟ. ಟಿವಿಎಸ್ ಕಂಪನಿ 1980ರಲ್ಲಿ ಟಿವಿಎಸ್ 50 ತಂದಾಗಿನಿಂದ ಈ ಸೀಮೆಯ ಬೆನ್ನೆಲುಬು ಆ ಜಾತಿಯ ಗಾಡಿ. ಅದೇ ಕಂಪನಿಯ ಹಳೆಯ ಎಕ್ಸ್‌ಎಲ್ ಮೊಪೆಡ್‌ಗಳು ಟೂ ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಿತ್ತು. 2015ರಲ್ಲಿ ಬಂದ ಎಕ್ಸ್‌ಎಲ್ 100 ಫೋರ್ ಸ್ಟ್ರೋಕ್. ಅದಕ್ಕೂ ಅಭ್ಯಾಸಬಲದಿಂದ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿಸಿ “ಹೊಗೆ ಉಗುಳ್ತೈತೆ” ಎಂದು ತಂದವರಿಗೆ, ಎಂಜಿನ್ ಕೆಟ್ಟಿಲ್ಲ, ಕೆಟ್ಟಿರುವುದು ಅಭ್ಯಾಸ ಎಂದು ನೋಯದ ಹಾಗೆ ಹೇಳುವುದೂ ಸರ್ವಿಸ್ ಮ್ಯಾನೇಜರಿನ ಕೆಲಸ.

ಜಗಳಗಳಲ್ಲಿ ಅತಿ ಹಳೆಯದು ‘ಫ್ರೀ ಸರ್ವಿಸ್’. “ಫ್ರೀ ಅಂತೀರಿ, ದುಡ್ಡು ಯಾಕೆ ತಗೋತೀರಿ?” ಪ್ರಶ್ನೆ ನ್ಯಾಯವಾದದ್ದೇ, ಆ ಪದವೇ ದಾರಿ ತಪ್ಪಿಸುವಂಥದ್ದು. ಫ್ರೀ ಆಗಿರುವುದು ಕೂಲಿ ಮಾತ್ರ. ಎಂಜಿನ್ ಆಯಿಲ್, ಫಿಲ್ಟರ್, ಗ್ರೀಸ್, ಸವೆಯುವ ಸಾಮಾನುಗಳಿಗೆ ಗಿರಾಕಿಯೇ ಕೊಡಬೇಕು. ಆ ಕೂಲಿಯನ್ನೂ ಡೀಲರ್ ಧರ್ಮಕ್ಕೆ ಬಿಡುವುದಿಲ್ಲ. ಕೂಪನ್ ಲೆಕ್ಕದಲ್ಲಿ ಕಂಪನಿ ಅವನಿಗೆ ಹಣ ಕೊಡುತ್ತದೆ. ಹಾಗಾಗಿ ಫ್ರೀ ಸರ್ವಿಸ್ ಗಾಡಿಯನ್ನು ಬರೀ ತೊಳೆದು ಕಳಿಸಿದರೆ ಅದು ಗಿರಾಕಿಗೂ ಮೋಸ, ಕಂಪನಿಗೂ ಮೋಸ. ಕೂಪನ್ನಿಗೆ ಕಿಲೋಮೀಟರ್ ಮತ್ತು ದಿನ ಎರಡರ ಗಡುವೂ ಇದೆ, ಯಾವುದು ಮೊದಲೋ ಅದು. ಗಾಡಿ ಓಡಿಸದೆ ಮನೆಯಲ್ಲೇ ನಿಲ್ಲಿಸಿದ್ದೆ ಎಂದರೂ ದಿನದ ಗಡುವು ಓಡುತ್ತಲೇ ಇರುತ್ತದೆ.

ವಾರಂಟಿಯದು ಇನ್ನೂ ಸೂಕ್ಷ್ಮ. ಹೊರಗಿನವರಿಗೆ ಕಾಣುವುದು ಇಷ್ಟು: ಸಾಮಾನು ಕೆಟ್ಟಿತು, ಪುಕ್ಕಟೆ ಬದಲಿಸಿದರು, ಅಥವಾ ಬದಲಿಸಲಿಲ್ಲ. ಒಳಗೆ ನಡೆಯುವುದು ಬೇರೆ. ಕೆಟ್ಟ ಭಾಗವನ್ನು ಬಿಚ್ಚಿದ ಕೂಡಲೇ ಅದಕ್ಕೊಂದು ಚೀಟಿ ಕಟ್ಟಬೇಕು: ಜಾಬ್ ಕಾರ್ಡ್ ನಂಬರ್, ಗಾಡಿ ಮಾರಿದ ದಿನ, ಓಡಿದ ಕಿಲೋಮೀಟರ್, ದೂರು, ಕೆಟ್ಟ ಕಾರಣ. ಅದರ ಫೋಟೊ ಮತ್ತು ವಿವರ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಭಾಗವನ್ನು ಬೀಗ ಹಾಕಿದ ಕೋಣೆಯಲ್ಲಿ ಇಟ್ಟುಕೊಂಡಿರಬೇಕು. ಕಂಪನಿಯವರು ತರಿಸಿಕೊಳ್ಳಬಹುದು, ಇಲ್ಲವೇ ಬಂದು ನೋಡಬಹುದು. ಅವರು ಒಪ್ಪಿದರೆ ಸಾಮಾನಿನ ಬೆಲೆ ಮತ್ತು ನಿಗದಿಯಾದ ಕೂಲಿ ಡೀಲರ್ ಖಾತೆಗೆ ಜಮೆ. ಒಪ್ಪದಿದ್ದರೆ? ಗಿರಾಕಿ ಆಗಲೇ ಹೊಸ ಸಾಮಾನು ಹಾಕಿಸಿಕೊಂಡು ಹೋಗಿಯಾಗಿರುತ್ತದೆ, ನಷ್ಟ ಡೀಲರದ್ದು. ಕೆಟ್ಟ ಕಾರಣವನ್ನು ‘ಸದ್ದು ಬರುತ್ತದೆ’ ಎಂದು ಬರೆದ ಕ್ಲೇಮು ತಿರಸ್ಕಾರವಾಗುತ್ತದೆ. ‘ಬೇರಿಂಗಿನ ಒಳ ಬಳೆಯಲ್ಲಿ ಗುಳಿ ಬಿದ್ದಿದೆ, ತಿರುಗಿಸಿದಾಗ ಕಟಕಟ ಸದ್ದು’ ಎಂದು ಬರೆದದ್ದು ಪಾಸಾಗುತ್ತದೆ. ಬೆಳಿಗ್ಗೆ ಯಜಮಾನರ ಮಾತನ್ನು ಬರೆದುಕೊಂಡ ಅದೇ ಎಚ್ಚರ ಇಲ್ಲಿ ದುಡ್ಡಾಗುತ್ತದೆ.

ಈ ಕಾರಣಕ್ಕೇ ವಾರಂಟಿಯ ವಿಷಯದಲ್ಲಿ ಮ್ಯಾನೇಜರ್ ತಡವರಿಸುವುದು. ಬ್ರೇಕ್ ಶೂ, ಕ್ಲಚ್ ಪ್ಲೇಟು, ಚೈನು, ಕೇಬಲ್ಲು, ಬಲ್ಬುಗಳಂಥ ಸವೆಯುವ ಸಾಮಾನುಗಳಿಗೆ ಸಾಮಾನ್ಯವಾಗಿ ವಾರಂಟಿ ಇಲ್ಲ. ಸರ್ವಿಸ್ ತಪ್ಪಿಸಿದ್ದರೆ, ವೈರಿಂಗ್ ಕತ್ತರಿಸಿ ಬೇರೆ ಹಾರನ್, ಲೈಟು ಹಾಕಿಸಿದ್ದರೆ, ಆ ಭಾಗದ ಕ್ಲೇಮು ಕಷ್ಟ. ಆದರೆ ಇಲ್ಲೊಂದು ನ್ಯಾಯದ ಮಾತಿದೆ. ಹಾರನ್ ವೈರ್ ಕತ್ತರಿಸಿದ್ದಕ್ಕೂ ಗೇರ್ ಬಾಕ್ಸ್ ಕೆಟ್ಟಿದ್ದಕ್ಕೂ ಸಂಬಂಧವಿಲ್ಲ. ಒಂದನ್ನು ನೆಪ ಮಾಡಿ ಇನ್ನೊಂದನ್ನು ತಳ್ಳಿಹಾಕುವವನಿಗೆ “ಕಾರಣ ಬರೆದುಕೊಡಿ ಸಾರ್” ಎಂದು ಕೇಳಿ. ಬಾಯಲ್ಲಿ ಇಲ್ಲ ಎನ್ನುವುದು ಸುಲಭ, ಕಾಗದದ ಮೇಲೆ ಇಲ್ಲ ಎನ್ನುವಾಗ ಕೈ ತಡೆಯುತ್ತದೆ.

ಅಪಘಾತದ ಗಾಡಿ ಬಂದಾಗ ಮ್ಯಾನೇಜರ್ ಅರ್ಧ ಇನ್ಶೂರೆನ್ಸ್ ಗುಮಾಸ್ತನಾಗುತ್ತಾನೆ. ಈಗ ರಾಷ್ಟ್ರೀಯ ಹೆದ್ದಾರಿ 150ಎ ಬಳ್ಳಾರಿಯಿಂದ ಹಿರಿಯೂರಿನ ಕಡೆಗೆ ನಮ್ಮ ಊರನ್ನು ಮುಟ್ಟಿಕೊಂಡೇ ಹೋಗುತ್ತದೆ, ವೇಗ ಹೆಚ್ಚಿದೆ, ಇಂಥ ಗಾಡಿಗಳಿಗೆ ಬರವಿಲ್ಲ. ಮೊದಲ ಆಘಾತ ಏನೆಂದರೆ, ಗಾಡಿ ಕೊಳ್ಳುವಾಗ ಐದು ವರ್ಷದ ಇನ್ಶೂರೆನ್ಸ್ ಕಟ್ಟಿದ್ದೇನೆ ಎಂದು ನಂಬಿದವರಿಗೆ ಅದು ಎದುರಿನವರಿಗೆ ಆದ ಹಾನಿಗೆ ಮಾತ್ರ ಎಂದು ಗೊತ್ತಾಗುವುದು. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ, ಕಾರುಗಳಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸ್ವಂತ ಗಾಡಿಯ ಹಾನಿಯ ವಿಮೆ ಬಹುತೇಕ ಪಾಲಿಸಿಗಳಲ್ಲಿ ಒಂದೇ ವರ್ಷದ್ದು. ಎರಡನೆಯ ವರ್ಷ ಅದನ್ನು ಕಟ್ಟದವರೇ ನಮ್ಮಲ್ಲಿ ಹೆಚ್ಚು.

ಕಟ್ಟಿದವರಿಗೂ ಪೂರ್ತಿ ಹಣ ಬರುವುದಿಲ್ಲ. ಸಾಮಾನಿನ ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಶೇ 50 ಕಡಿತ, ಗಾಜಿಗೆ ಇಲ್ಲ, ಫೈಬರ್ ಭಾಗಕ್ಕೆ ಶೇ 30. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ: ಆರು ತಿಂಗಳೊಳಗೆ ಇಲ್ಲ, ಒಂದು ವರ್ಷದವರೆಗೆ ಶೇ 5, ಎರಡರವರೆಗೆ 10, ಮೂರರವರೆಗೆ 15, ನಾಲ್ಕರವರೆಗೆ 25, ಐದರವರೆಗೆ 35. ಒಂದು ಲೆಕ್ಕ ಹಾಕೋಣ. ಎರಡೂವರೆ ವರ್ಷದ ಬೈಕು, ಪ್ಲಾಸ್ಟಿಕ್ ಭಾಗ 8,000 ರೂ., ಲೋಹದ ಭಾಗ 10,000 ರೂ., ಕೂಲಿ 3,000 ರೂ., ಒಟ್ಟು 21,000. ಪ್ಲಾಸ್ಟಿಕ್ಕಿನಲ್ಲಿ 4,000, ಲೋಹದಲ್ಲಿ 1,500, ಕಡ್ಡಾಯ ಕಡಿತ 100, ಅಂದರೆ 5,600 ರೂ. ಗಿರಾಕಿಯ ಕೈಯಿಂದ, 15,400 ವಿಮೆ ಕಂಪನಿಯಿಂದ. ಪಾಲಿಸಿ ಕೊಳ್ಳುವಾಗ ‘ಝೀರೊ ಡೆಪ್’ ಸೇರಿಸಿದ್ದರೆ ಈ ಸವಕಳಿಯ ಕಡಿತ ತಪ್ಪುತ್ತಿತ್ತು. ಈ ಲೆಕ್ಕವನ್ನು ಗಾಡಿ ಬಿಚ್ಚುವ ಮೊದಲೇ ಚೀಟಿಯಲ್ಲಿ ಬರೆದು ತೋರಿಸುವವನು ಒಳ್ಳೆಯ ಮ್ಯಾನೇಜರ್. ಡೆಲಿವರಿ ದಿನ ಹೇಳುವವನ ಕಚೇರಿಯ ಮುಂದೆ ಗುಂಪು ಸೇರುತ್ತದೆ. ಗಿರಾಕಿ ಮಾಡಬೇಕಾದ್ದು ಒಂದೇ: ಬಿದ್ದ ದಿನವೇ ವಿಮೆ ಕಂಪನಿಗೆ ತಿಳಿಸಿ, ಅವರು ನೋಡುವ ಮುಂಚೆ ದಾರಿಬದಿಯ ಶೆಡ್ಡಿನಲ್ಲಿ ಹ್ಯಾಂಡಲ್ ನೆಟ್ಟಗೆ ಮಾಡಿಸದಿರುವುದು.

ದಾರಿಬದಿಯ ಶೆಡ್ಡುಗಳ ಬಗ್ಗೆ ನನಗೆ ಗೌರವವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೂ ಜಾವಾ, ಯೆಜ್ಡಿಗಳನ್ನು ಬದುಕಿಸಿಟ್ಟವರು ಕಂಪನಿಯವರಲ್ಲ, ಊರೂರಿನ ಶೆಡ್ಡಿನ ಮೇಸ್ತ್ರಿಗಳು. ಆದರೆ 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದು, ಕಾರ್ಬುರೇಟರ್ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂದು ಕೂತಿತು. ಕಿವಿಯಿಂದ ಕೇಳಿ ಸ್ಕ್ರೂ ತಿರುಗಿಸಿ ಟ್ಯೂನಿಂಗ್ ಮಾಡುತ್ತಿದ್ದ ಕಾಲ ಹೋಯಿತು. ಈಗ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿದರೆ ಸ್ಕ್ಯಾನರ್ ಹಾಕಿ ಕೋಡ್ ಓದಬೇಕು. “ಆ ಲೈಟಿಂದು ಬಲ್ಬ್ ಕಿತ್ತಾಕ್ರಿ” ಎನ್ನುವವರೂ ಬರುತ್ತಾರೆ. ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಇದ್ದು ಪೆಟ್ರೋಲಿನಿಂದಲೇ ತಂಪಾಗುತ್ತದೆ. ಯಾವಾಗಲೂ ಐವತ್ತು ರೂಪಾಯಿ ಪೆಟ್ರೋಲಿನಲ್ಲಿ ಗಾಡಿ ಓಡಿಸುವವರಿಗೆ ಈ ಒಂದು ವಿಷಯ ಹೇಳಿದರೆ ದೊಡ್ಡ ಖರ್ಚೊಂದು ಉಳಿಯುತ್ತದೆ.

ಈ ಕೆಲಸಕ್ಕೆ ಬರುವುದು ಹೇಗೆ? ಐಟಿಐನಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸ್ ಇಲ್ಲವೇ ಆಟೊಮೊಬೈಲ್, ಮೆಕ್ಯಾನಿಕಲ್ ಡಿಪ್ಲೊಮಾ ಸಾಮಾನ್ಯ ದಾರಿ. ಮೊದಲು ಮೆಕ್ಯಾನಿಕ್ ಅಥವಾ ಜಾಬ್ ಕಾರ್ಡ್ ಬರೆಯುವ ಅಡ್ವೈಸರ್, ಆಮೇಲೆ ಫ್ಲೋರ್ ಸೂಪರ್‌ವೈಸರ್, ಕೆಲವು ವರ್ಷಗಳ ಮೇಲೆ ಮ್ಯಾನೇಜರ್. ಕಂಪನಿಯ ತರಬೇತಿ ಕೇಂದ್ರಗಳಿಗೆ ಆಗಾಗ ಹೋಗಿ ಪರೀಕ್ಷೆ ಬರೆದು ಬರಬೇಕು. ಎಂಜಿನ್ ಜ್ಞಾನ ಅಲ್ಲಿ ಸಿಗುತ್ತದೆ, ಜನರ ಜ್ಞಾನ ಸಿಗುವುದಿಲ್ಲ. ನನ್ನ ಕಣ್ಣಿಗೆ ಮ್ಯಾನೇಜರಿನ ಅತಿ ದೊಡ್ಡ ತಲೆನೋವು ಗಿರಾಕಿಯಲ್ಲ, ಹುಡುಗರು. ಎರಡು ವರ್ಷ ಕಲಿಸಿ ಕೈ ಕುದುರಿದ ಮೇಲೆ ಒಬ್ಬ ಬೆಂಗಳೂರಿಗೆ ಹೋಗುತ್ತಾನೆ, ಇನ್ನೊಬ್ಬ ಸ್ವಂತ ಶೆಡ್ ಹಾಕುತ್ತಾನೆ. ಸಿಟ್ಟು ಬರುವುದು ಸಹಜ. ಆದರೆ ಬಿ.ಜಿ.ಕೆರೆಯಲ್ಲೋ ರಾಂಪುರದಲ್ಲೋ ತನ್ನ ಕೈಯಲ್ಲಿ ಕಲಿತ ಹುಡುಗನ ಶೆಡ್ಡಿದ್ದರೆ, ಅವನಿಂದ ಆಗದ ಸ್ಕ್ಯಾನರ್ ಕೆಲಸಗಳು ಇಲ್ಲಿಗೇ ಬರುತ್ತವೆ, ಒರಿಜಿನಲ್ ಸ್ಪೇರ್ಸ್ ಇಲ್ಲಿಂದಲೇ ಹೋಗುತ್ತವೆ. ಹೀಗೆ ಲೆಕ್ಕ ಹಾಕುವ ಮ್ಯಾನೇಜರುಗಳು ಜಗಳವಾಡದೆ ಹುಡುಗರನ್ನು ಕಳಿಸಿಕೊಡುತ್ತಾರೆ.

ಮಾಡಿದ ಕೆಲಸವೇ ಮತ್ತೆ ವಾಪಸು ಬಂದರೆ ಅದಕ್ಕೆ ‘ರಿಪೀಟ್ ಜಾಬ್’ ಎನ್ನುತ್ತಾರೆ. ಮ್ಯಾನೇಜರಿನ ಅಂಕಪಟ್ಟಿಯಲ್ಲಿ ಇದಕ್ಕಿಂತ ಕೆಂಪು ಗುರುತಿಲ್ಲ. ಅಂಥ ಗಾಡಿಯನ್ನು ಅದೇ ಮೆಕ್ಯಾನಿಕ್ಕಿಗೆ ಕೊಡದೆ ಹಿರಿಯನಿಗೆ ಕೊಟ್ಟು, ತಾನೂ ಒಂದು ಸುತ್ತು ಓಡಿಸಿ, ಗಿರಾಕಿಯನ್ನು ಹಿಂದೆ ಕೂರಿಸಿಕೊಂಡು ಸದ್ದು ಎಲ್ಲಿ ಬರುತ್ತದೆ ಎಂದು ತೋರಿಸಲು ಹೇಳಬೇಕು. ಅಷ್ಟಕ್ಕೂ ಬಗೆಹರಿಯದಿದ್ದರೆ ಗಿರಾಕಿಗೆ ಮೇಲಿನ ದಾರಿಗಳಿವೆ: ಕಂಪನಿಯ ಗ್ರಾಹಕ ಸೇವೆ, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕೊನೆಗೆ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಅಲ್ಲಿಯೂ ಮೊದಲು ಕೇಳುವ ಕಾಗದಗಳು ಜಾಬ್ ಕಾರ್ಡ್ ಮತ್ತು ಬಿಲ್ಲು. ಬಿಲ್ಲಿನಲ್ಲಿ ಕೂಲಿ ಬೇರೆ, ಸಾಮಾನು ಬೇರೆ, ತೆರಿಗೆ ಬೇರೆ ಇರಬೇಕು. 2025ರ ಸೆಪ್ಟೆಂಬರ್ 22ರಿಂದ ಬೈಕು–ಕಾರುಗಳ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 18. ಪ್ಯಾಕೆಟ್ಟಿನ ಮೇಲಿನ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ, ಅದರ ಮೇಲೆ ಮತ್ತೆ ತೆರಿಗೆ ಹಾಕುವಂತಿಲ್ಲ.

ಸರ್ವಿಸ್ ಆಗಿ ಮೂರನೆಯ ದಿನ ಶೋರೂಮಿನಿಂದ ಒಂದು ಫೋನ್ ಬರುತ್ತದೆ. ಬಹಳ ಜನ ಅದನ್ನು ಲೋನ್ ಕೊಡುವವರ ಫೋನೆಂದು ಕತ್ತರಿಸುತ್ತಾರೆ. ದಯವಿಟ್ಟು ಎತ್ತಿ, ನೀವು ಹೇಳಿದ್ದು ಅಲ್ಲಿ ದಾಖಲಾಗುತ್ತದೆ, ಕಂಪನಿಯೂ ಅದನ್ನು ನೋಡುತ್ತದೆ. ಬೆಳಗಿನ ಆ ಯಜಮಾನರಿಗೂ ಫೋನ್ ಹೋಗುತ್ತದೆ. “ಗಾಡಿ ಹೆಂಗೈತೆ ಯಜಮಾನ್ರೆ?” ಎಂದು ಕೌಂಟರಿನ ಹುಡುಗಿ ಕೇಳುತ್ತಾಳೆ.

“ಎಳೀತೈತೆ ಕಣಮ್ಮ, ಚೆನ್ನಾಗಿ ಎಳೀತೈತೆ. ಆದ್ರೆ ಬ್ರೇಕ್ ಒತ್ತಿದ್ರೆ ಕುಂಯ್ ಅಂತೈತೆ.”

ಅವಳು ‘ಬ್ರೇಕ್ ಸದ್ದು’ ಎಂದು ಬರೆಯಲು ಹೋಗಿ ನಿಲ್ಲಿಸುತ್ತಾಳೆ. “ಮುಂದಿಂದಾ, ಹಿಂದಿಂದಾ?”